ಎರಡು ಒಲೆ, ಒಂದು ಮನೆ

ಮದುವೆಯಾದ ದಿನದಿಂದಲೇ ಸತಿಪತಿಗಳು ಕೂಡಿ ಬಾಳುತ್ತಾರೆಂದು ಲೋಕ ತಿಳಿಯುತ್ತದೆ. ಆದರೆ ನೌಕರಿಯನ್ನು ನೆಚ್ಚಿದ ಕುಟುಂಬಗಳಲ್ಲಿ ಹಾಗಾಗದಿರುವುದು ಅಪರೂಪವೇನಲ್ಲ. ಗಂಡ ಒಂದು ಜಿಲ್ಲೆಯಲ್ಲಿ, ಹೆಂಡತಿ ಇನ್ನೊಂದು ಜಿಲ್ಲೆಯಲ್ಲಿ, ಮಕ್ಕಳು ಅಜ್ಜಿಯ ಮಡಿಲಲ್ಲಿ. ಇಂಥ ಮನೆಗಳು ನಮ್ಮ ಬಂಧುಬಳಗದಲ್ಲೇ ಎಷ್ಟೋ ಇವೆ. ನಮ್ಮದೂ ಅಂಥದೇ ಒಂದು ಮನೆ. ನಮ್ಮ ಮದುವೆಯಾದದ್ದು 2010ರಲ್ಲಿ. ನಾವಿಬ್ಬರೂ ಒಂದೇ ಸೂರಿನ ಕೆಳಗೆ ಸಂಸಾರ ಹೂಡಿದ್ದು 2023ರಲ್ಲಿ. ಕೂಡಿದ ಮೇಲೆ ತಡವಾಗಿ ಕಲಿತ ಒಂದು ಪಾಠವನ್ನು ಓದುಗ ಬಂಧುಗಳ ಮುಂದೆ ಇಡುವುದಷ್ಟೇ ಈ ಬರಹದ ಉದ್ದೇಶ.

ನಮ್ಮ ಊರು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಸಮೀಪವಿರುವ ಒಂದು ಹಳ್ಳಿ. ಹಿರಿಯರು ಬಿಟ್ಟುಹೋದ 8 ಎಕರೆ ಎರೆಭೂಮಿ, ಮಣ್ಣಿನ ಮಾಳಿಗೆಯ ಮನೆ. ಇವೇ ನಮ್ಮ ಆಸ್ತಿ. ತಂದೆಯವರು ಲಿಂಗೈಕ್ಯರಾದ ಮೇಲೆ ಅಲ್ಲಿ ಉಳಿದವರು ತಾಯಿಯವರೊಬ್ಬರೇ. ನಾವು ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ನಮ್ಮ ಮನೆಯವರಾದರೋ ನಮ್ಮ ತಾಲ್ಲೂಕಿನಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೀಗಾಗಿ ಮದುವೆಯಾಗಿ ಬಂದ ಸೊಸೆ ಅತ್ತೆಯೊಡನೆ ಉಳಿದರು, ಮಗ ಊರು ಬಿಟ್ಟು ಹೋದ. ಮಗಳು ಹುಟ್ಟಿದ್ದು, ನಡೆಯಲು ಕಲಿತದ್ದು, ಅಕ್ಷರ ತಿದ್ದಿದ್ದು ಎಲ್ಲವೂ ಅಜ್ಜಿಯ ಪಡಸಾಲೆಯಲ್ಲೇ.

ಶಿಕ್ಷಕರ ವರ್ಗಾವಣೆಗೆಂದು ನಮ್ಮ ರಾಜ್ಯದಲ್ಲಿ 2007ರಲ್ಲಿ ಒಂದು ಕಾಯ್ದೆ ಬಂತು. ಮುಂದೆ 2020ರಲ್ಲಿ ಹೊಸ ಕಾಯ್ದೆಯಾಯಿತು. ಬೇರೆ ಬೇರೆ ಕಡೆ ದುಡಿಯುವ ಸತಿಪತಿಗಳನ್ನು ಒಂದೆಡೆ ಸೇರಿಸಲು ಅದರಲ್ಲಿ ಅವಕಾಶವುಂಟು. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಪತಿ-ಪತ್ನಿ ಪ್ರಕರಣವೆನ್ನುತ್ತಾರೆ. ಆದರೆ ಬಾಗಲಕೋಟೆ ಇರುವುದು ಬೆಳಗಾವಿ ವಿಭಾಗದಲ್ಲಿ, ತುಮಕೂರು ಬೆಂಗಳೂರು ವಿಭಾಗದಲ್ಲಿ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವವರ ಸಂಖ್ಯೆಗೆ ಮಿತಿಯುಂಟು. ಜೊತೆಗೆ ಹಾಗೆ ಹೋದವರು ಅಲ್ಲಿಯವರೆಗಿನ ಸೇವಾ ಜ್ಯೇಷ್ಠತೆಯನ್ನು ಬಿಟ್ಟುಕೊಟ್ಟು ಹೊಸ ವಿಭಾಗದ ಪಟ್ಟಿಯಲ್ಲಿ ಕೊನೆಯವರಾಗಿ ಸೇರಬೇಕು. ನಮ್ಮ ಮನೆಯವರು ಹಲವು ಸಲ ಅರ್ಜಿ ಹಾಕಿ ಕೈಬಿಟ್ಟ ಮೇಲೆ, 2023ರ ಮಳೆಗಾಲದಲ್ಲಿ ಅವರ ವರ್ಗಾವಣೆಯ ಆದೇಶ ಕೈಸೇರಿತು. ಆ ಸಂಜೆ ನಾವು ಕಚೇರಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದೆವು. ಊರಿನಲ್ಲಿ ಆ ಸಂಜೆ ಹೇಗೆ ಕಳೆಯಿತೆಂದು ಕೇಳಬೇಕೆಂಬುದು ಮಾತ್ರ ನಮಗೆ ತೋಚಲಿಲ್ಲ.

ತಾಯಿಯವರನ್ನೂ ಕರೆದೆವು. ಸಿದ್ಧಗಂಗಾ ಮಠ ಹತ್ತಿರದಲ್ಲೇ ಇದೆ, ಬೇಕೆಂದಾಗ ದರ್ಶನ ಮಾಡಿಸುತ್ತೇವೆ ಎಂದೂ ಹೇಳಿದೆವು. ಅವರು ಒಪ್ಪಲಿಲ್ಲ. "ಹೊಲಾ ಯಾರ ನೋಡ್ತಾರ? ಎಮ್ಮಿ ಯಾರ ನೋಡ್ತಾರ? ನೀವು ಮೂರೂ ಮಂದಿ ಕೂಡ್ರಿ, ನನಗೇನು ಆಗೂದೈತಿ" ಎಂದರು. ಆ ಮಾತನ್ನು ನಾವು ಇದ್ದ ಹಾಗೆಯೇ ನಂಬಿದೆವು. ನಂಬುವುದು ಅನುಕೂಲವಾಗಿತ್ತು.

ತುಮಕೂರಿನ ಬಾಡಿಗೆ ಮನೆಗೆ ಸಾಮಾನು ಬಂದಿಳಿದಾಗ ಒಂದು ವಿನೋದ ನಡೆಯಿತು. 13 ವರ್ಷ ಎರಡು ಕಡೆ ಒಲೆ ಹೂಡಿದ ಫಲವಾಗಿ ಮನೆಯಲ್ಲಿ ಎಲ್ಲವೂ ಎರಡೆರಡಾದವು. ಎರಡು ಗ್ಯಾಸ್ ಒಲೆ, ಎರಡು ಕುಕ್ಕರ್, ಎರಡು ಮಂಚ, ಎರಡು ಮಿಕ್ಸರ್. ರೊಟ್ಟಿಯ ಹಂಚು ಮಾತ್ರ ಒಂದೇ. ಅದು ಊರಿನಿಂದ ಬಂದದ್ದು. "ಒಂದು ಸೆಟ್ ಯಾರಿಗಾದರೂ ಬೇಕಾದವರಿಗೆ ಕೊಡೂಣ್ರಿ" ಎಂದರು ಮನೆಯವರು. ಇರಲಿ, ಮುಂದೆ ಬೇಕಾದೀತು ಎಂದು ನಾವು ಅವನ್ನೆಲ್ಲ ಕಟ್ಟಿ ಅಟ್ಟಕ್ಕೇರಿಸಿದೆವು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಎಂದಿಗಿಂತ ಹೆಚ್ಚು ತಂದ ದಿನ ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಅವರನ್ನು ಹಿಂದಕ್ಕೆ ಕಳುಹಿದ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಕೇಳಿದ ಕಥೆ ಅಟ್ಟದ ತನಕ ಏರುವುದಿಲ್ಲವೆಂದು ತೋರುತ್ತದೆ.

ಸಾಮಾನು ಹೊಂದಿಸುವುದು ಸುಲಭ, ರೂಢಿಗಳನ್ನು ಹೊಂದಿಸುವುದು ಕಷ್ಟ. ನಾವು ಬೆಳಗಿನ ಐದೂವರೆಗೆ ಎದ್ದು ಒಬ್ಬರೇ ಮೌನವಾಗಿ ಲಿಂಗಪೂಜೆ ಮಾಡಿಕೊಂಡು ಬಂದವರು. ಊರಿನಲ್ಲಿ ಅತ್ತೆ ಸೊಸೆ ಜಳಕ ಮುಗಿಸಿ ಪಕ್ಕಪಕ್ಕದಲ್ಲಿ ಕುಳಿತು, ನಡುವೆ ಮಗುವನ್ನೂ ಕೂರಿಸಿಕೊಂಡು ಪೂಜೆ ಮಾಡುತ್ತಿದ್ದರು. ಒಲೆಯ ಮೇಲಿನ ಹಾಲು ಉಕ್ಕಿದರೆ ಒಬ್ಬರು ಏಳುವರು, ಇನ್ನೊಬ್ಬರು ಮುಂದುವರಿಸುವರು. ನಮಗೆ ಸದ್ದು ಸೇರದು, ಅವರಿಗೆ ಒಬ್ಬರೇ ಕೂರುವುದು ಸೇರದು. ನಮಗೆ ರಾತ್ರಿ ಅನ್ನ ಸಾಕು, ಅವರಿಗೂ ಮಗಳಿಗೂ ಬಿಸಿರೊಟ್ಟಿ ಬೇಕು. 13 ವರ್ಷ ದಿನವೂ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಮಾತನಾಡಿದವರು ನಾವು. ಮಗಳ ಜ್ವರ, ಬೀಜದ ದರ, ಮದುವೆಗಳ ಮುಯ್ಯಿ, ಎಲ್ಲವೂ ಆ ಹೊತ್ತಿನಲ್ಲಿ ತೀರ್ಮಾನವಾಗುತ್ತಿದ್ದವು. ಈಗ ಎದುರೆದುರು ಕುಳಿತಾಗ ಮಾತೇ ಕಡಿಮೆಯಾಯಿತು.

ಇದಕ್ಕಿಂತ ದೊಡ್ಡ ತಪ್ಪೊಂದು ನಮ್ಮಿಂದ ನಡೆಯಿತು. ಹೊಸ ಶಾಲೆಯ ಮಕ್ಕಳು ನಮ್ಮ ಮನೆಯವರ ಮಾತಿನ ಧಾಟಿಗೆ ನಕ್ಕರಂತೆ. ಅದನ್ನು ಅವರು ಊಟಕ್ಕೆ ಕುಳಿತಾಗ ನಗುತ್ತಲೇ ಹೇಳಿದರು. ನಾವು ಸಮಾಧಾನ ಹೇಳುವ ಬದಲು, "ಇಲ್ಲಿ 'ಹೋಗಾಕ', 'ಬರಾಕ' ಎನ್ನಬಾರದು. ಸ್ವಲ್ಪ ತಿದ್ದಿಕೊಂಡರೆ ಒಳ್ಳೆಯದು" ಎಂದುಬಿಟ್ಟೆವು. ಅವರು ತಲೆಯೆತ್ತಿ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ಆ ಬಳಿಕ ಅನೇಕ ದಿನ ನಮ್ಮೊಡನೆ ಅಳೆದು ತೂಗಿ ಪುಸ್ತಕದ ಕನ್ನಡದಲ್ಲಿ ಮಾತನಾಡಿದರು. ಆದರೆ ರಾತ್ರಿ ಒಂಬತ್ತಾದೊಡನೆ ಫೋನ್ ಹಿಡಿದು ಅಡಿಗೆಮನೆ ಸೇರುತ್ತಿದ್ದರು. ಅತ್ತೆಯೊಡನೆ ತಾಸುಗಟ್ಟಲೆ ನಮ್ಮೂರ ಮಾತು, ನಮ್ಮೂರ ನಗೆ. ಹಿಂದೆ ನಮಗೆ ಮೀಸಲಾಗಿದ್ದ ಹೊತ್ತು ಅದು. ಹೊರಗೆ ಕುಳಿತು ಅದನ್ನು ಕೇಳುವಾಗ, ಇಷ್ಟು ವರ್ಷ ಸಂಸಾರ ನಡೆದದ್ದು ಅವರಿಬ್ಬರ ನಡುವೆಯೇ ಎಂಬ ಗುಮಾನಿ ನಮ್ಮಲ್ಲಿ ಮೊದಲ ಬಾರಿಗೆ ಮೂಡಿತು.

ಹೀಗೆ ಆರು ತಿಂಗಳು ಕಳೆದವು. 2024ರ ಜನವರಿ 11, ಗುರುವಾರ ಎಳ್ಳ ಅಮಾವಾಸ್ಯೆ, 15ರಂದು ಸಂಕ್ರಾಂತಿ. ನಡುವಿನ ದಿನಗಳಿಗೆ ರಜೆ ಹಾಕಿ ಮೂವರೂ ಊರಿಗೆ ಹೊರಟೆವು. ಹೊರಡುವ ದಿನ ಮನೆಯವರು ಅಟ್ಟವೇರಿ ಒಂದು ಒಲೆ, ಒಂದು ಕುಕ್ಕರ್, ಕೆಲವು ಪಾತ್ರೆಗಳನ್ನು ಗೋಣಿಚೀಲದಲ್ಲಿ ಕಟ್ಟಿದರು. ಈ ಸಲ ನಾವು ಅಡ್ಡ ಬರಲಿಲ್ಲ. ರಾತ್ರಿ ಬಸ್ಸು ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ, ಹೊಸಪೇಟೆಯಾಚೆ ತುಂಗಭದ್ರೆಯನ್ನು ಹಾಯ್ದು, ಕುಷ್ಟಗಿ, ಇಳಕಲ್ಲುಗಳ ಮಾರ್ಗವಾಗಿ ಹುನಗುಂದ ಮುಟ್ಟುವಷ್ಟರಲ್ಲಿ ಮೂಡಣ ಕೆಂಪಾಗಿತ್ತು. ಎರೆಯ ಬಯಲು ಕಂಡೊಡನೆ ಮಗಳು ಎದ್ದು ಕಿಟಕಿಗೆ ಮುಖವಿಟ್ಟಳು. ಮನೆಯವರು ಪಕ್ಕದ ಸೀಟಿನ ಮುದುಕಿಯೊಡನೆ ಮಾತಿಗಿಳಿದರು. ಅದೇ 'ಹೋಗಾಕ', ಅದೇ 'ಬರಾಕ'. ಆರು ತಿಂಗಳ ಮೇಲೆ ನಮ್ಮೆದುರಿಗೆ ಅವರ ದನಿ ಬಿಚ್ಚಿಕೊಂಡಿತ್ತು.

ತಾಯಿಯವರು ಬಾಗಿಲಲ್ಲೇ ಕಾದಿದ್ದರು. ಸ್ವಲ್ಪ ಇಳಿದುಹೋಗಿದ್ದರು. ಮೊಮ್ಮಗಳನ್ನು ಅಪ್ಪಿಕೊಂಡರು, ನಮಗೆ "ಬಂದ್ಯಾ ತಮ್ಮಾ, ಕೈಕಾಲ ತೊಳಕೋ" ಎಂದರು. ಸೊಸೆಗೆ ಮಾತ್ರ ಬರಮಾಡಿಕೊಳ್ಳುವ ಮಾತೇ ಇಲ್ಲ. "ಗುಳಗಿ ಯಾವು ಮುಂಜಾನಿವು, ಯಾವು ರಾತ್ರಿವು, ಒಂದೂ ತಿಳೀವಲ್ದು ನೋಡವಾ" ಎಂದು ರಕ್ತದೊತ್ತಡದ ಮಾತ್ರೆಗಳ ಚೀಟಿಯನ್ನು ಕೈಗಿಟ್ಟರು. ಅವರಾದರೋ ಬ್ಯಾಗು ಇಳಿಸುವುದಕ್ಕೂ ಮೊದಲೇ ಚೀಟಿ ಓದುತ್ತ ಒಳಗೆ ನಡೆದರು. ನಾವು ಹುಟ್ಟಿದ ಮನೆಯಲ್ಲಿ ನೀರಿನ ತಂಬಿಗೆ ಎಲ್ಲಿದೆಯೆಂದು ನಾವು ಮಗಳನ್ನು ಕೇಳಬೇಕಾಯಿತು. ನಮಗೆ ಹೊಸ ಚಾಪೆ ಹಾಸಿದರು, ತಟ್ಟೆಯಲ್ಲಿ ಚಹಾ ತಂದರು. ಅತಿಥಿಗಳಿಗೆ ಸಲ್ಲುವ ಮರ್ಯಾದೆಯೆಲ್ಲವೂ ನಮಗೆ ಸಂದಿತು.

ಅದು ಬರದ ವರ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತ್ತು. ಎದೆಯೆತ್ತರ ನಿಲ್ಲಬೇಕಾದ ನಮ್ಮ ಹಿಂಗಾರಿ ಜೋಳ ಮೊಣಕಾಲೆತ್ತರದಲ್ಲೇ ಸಣ್ಣ ತೆನೆ ಹಿಡಿದಿತ್ತು. ಬೆಳೆ ಹೇಗಿದ್ದರೂ ಎಳ್ಳ ಅಮಾವಾಸ್ಯೆಯಂದು ಭೂತಾಯಿಗೆ ಉಣಿಸದೆ ರೈತನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ನಸುಕಿನಲ್ಲೇ ಎದ್ದು ಅತ್ತೆ ಸೊಸೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಕಡುಬು, ಶೇಂಗಾ ಹೋಳಿಗೆ, ಮೊಸರಬಾನಗಳನ್ನು ಬುಟ್ಟಿಗೆ ತುಂಬಿದರು. ನೆರೆಮನೆಯವರ ಚಕ್ಕಡಿಯಲ್ಲಿ ಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಚರಗ ಚೆಲ್ಲಲು ಸಿದ್ಧವಾಯಿತು.

ಚರಗವೆಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಎರಚುವುದು. ಮುಂದಿನವರು ಚರಗ ಚೆಲ್ಲುತ್ತ ಕೂಗುತ್ತಾರೆ, ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ ಅದಕ್ಕೆ ಓಗೊಡುತ್ತಾರೆ. ಬಾಲ್ಯದಲ್ಲಿ ತಂದೆಯವರ ಹಿಂದೆ ನಾವು ನೀರು ಹಿಡಿದು ನಡೆದದ್ದುಂಟು. ಈಗ ಮನೆಯ ಗಂಡಸು ಬಂದಿದ್ದಾನೆಂದು ನೆರೆಯ ಹಿರಿಯರು ಚರಗದ ಬುಟ್ಟಿಯನ್ನು ನಮ್ಮ ಕೈಗೆ ಕೊಡಬಂದರು. ಆಗ ತಾಯಿಯವರು, "ತಮ್ಮಾ, ನೀ ನೀರ ಹಿಡಿ. ಹೊಲದ ದಾರಿ ಆಕಿಗಿ ಗೊತ್ತೈತಿ" ಎಂದರು.

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಇದ್ದದ್ದು ವಸ್ತುಸ್ಥಿತಿ. 13 ವರ್ಷಗಳಲ್ಲಿ ಈ ಹಬ್ಬಕ್ಕೆ ನಾವು ಬಂದದ್ದು ನಾಲ್ಕು ಸಲ. ಕೆಳಗಿನ ಬದು ಒಡೆದು ಹೊಸದಾಗಿ ಕಟ್ಟಿಸಿದ್ದು, ಮೂಲೆಯಲ್ಲಿ ಕೃಷಿಹೊಂಡ ತೋಡಿಸಿದ್ದು, ತೆಂಕಣ ದಿಕ್ಕಿನಲ್ಲಿ ಜಾಲಿ ಕಡಿಸಿದ್ದು ಯಾವುದೂ ನಮಗೆ ಕಂಡು ಗೊತ್ತಿಲ್ಲ. ಹಣ ಕಳಿಸಿದ್ದು ಮಾತ್ರ ಗೊತ್ತು. ಮನೆಯವರು ಬುಟ್ಟಿ ಹಿಡಿದು ಮುಂದೆ ನಡೆದರು, ನಾವು ತಂಬಿಗೆ ಹಿಡಿದು ಹಿಂದೆ ನಡೆದೆವು. ಅವರು ಕೂಗಿದರು, ನಾವು ಓಗೊಡಬೇಕು. ಮೊದಲ ಸಲ ನಮ್ಮ ಗಂಟಲಿನಿಂದ ಸರಿಯಾಗಿ ದನಿ ಹೊರಡಲಿಲ್ಲ. ಚಕ್ಕಡಿಯ ಹತ್ತಿರ ನಿಂತ ಹುಡುಗರು ನಕ್ಕರು. ಮನೆಯವರು ನಗಲಿಲ್ಲ. ನಿಂತು, ಹಿಂದಿರುಗಿ ನೋಡಿ, ಮತ್ತೊಮ್ಮೆ ಕೂಗಿದರು. ಎರಡನೆಯ ಸಲ ನಮ್ಮ ದನಿ ಬದುವಿನ ಆಚೆಗೂ ಕೇಳಿಸಿತು. ಹೊಲವೆಲ್ಲ ಸುತ್ತಿ ಬರುವಷ್ಟರಲ್ಲಿ, ಆಡಿದ ಮಾತಿಗೆ ನಗುವುದಕ್ಕೂ, ತಿದ್ದುವುದಕ್ಕೂ, ಓಗೊಡುವುದಕ್ಕೂ ಇರುವ ಅಂತರ ನಮಗೆ ತಿಳಿದಿತ್ತು.

ಮರುದಿನ ಗೋಣಿಚೀಲದ ಗಂಟು ಬಿಚ್ಚಿತು. ಶಾಲೆಯ ಬಿಸಿಯೂಟದ ಅಡುಗೆಯವರ ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ಬರದ ದೆಸೆಯಿಂದ ಗಂಡ ಹೆಂಡತಿ ಇಬ್ಬರೂ ದುಡಿಮೆಗೆಂದು ಗೋವೆಗೆ ಹೊರಟಿದ್ದರು. ನಮ್ಮ ಮನೆಯವರು ಒಲೆ, ಕುಕ್ಕರ್, ಪಾತ್ರೆಗಳನ್ನು ಆ ಹುಡುಗಿಗೆ ಕೊಟ್ಟರು. "ಅಕ್ಕೋರ, ನಿಮಗ ಬ್ಯಾಡೇನ್ರಿ?" ಎಂದು ಅವಳು ಕೇಳಿದಳು. "ನಮ್ಮದು ಈಗ ಒಂದ ಒಲಿ ಆತವಾ" ಎಂದರು ಮನೆಯವರು. ಒಲೆ ಒಂದಾದದ್ದು ಆರು ತಿಂಗಳ ಹಿಂದೆ. ಅದನ್ನು ಅವರ ಬಾಯಲ್ಲಿ ಕೇಳಿದ್ದು ಆ ದಿನ. ಅಟ್ಟದ ಮೇಲೆ ಧೂಳು ಹಿಡಿಯುತ್ತಿದ್ದ ವಸ್ತು ಇನ್ನೊಂದು ಹೊಸ ಸಂಸಾರಕ್ಕೆ ಆಸರೆಯಾಗಿ ಹೊರಟಿತು.

ಸಂಕ್ರಾಂತಿಯಂದು ತಾಯಿಯವರೊಡನೆ ಎಲ್ಲರೂ ಕೂಡಲಸಂಗಮಕ್ಕೆ ಹೋದೆವು. ನಮ್ಮ ಭಾಗದ ಮನೆಮಂದಿಯೆಲ್ಲ ಅಂದು ರೊಟ್ಟಿಬುತ್ತಿ ಕಟ್ಟಿಕೊಂಡು ಅಲ್ಲಿ ಜಳಕಕ್ಕೆ ನೆರೆಯುತ್ತಾರೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ನಾರಾಯಣಪುರದ ಜಲಾಶಯದ ಹಿನ್ನೀರು ನುಗ್ಗದಂತೆ ಬಾವಿಯ ಆಕಾರದಲ್ಲಿ ಗೋಡೆ ಕಟ್ಟಿ ಕಾಪಾಡಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಿ ಶರಣು ಮಾಡಿ ಬಂದೆವು. ಬಳಿಕ ದಂಡೆಯ ಮೆಟ್ಟಿಲ ಮೇಲೆ ಕುಳಿತು ಮಗಳಿಗೆ ಎರಡು ನದಿಗಳು ಕೂಡುವ ಜಾಗವನ್ನು ತೋರಿಸುತ್ತ, ಸಂಗಮದ ಮಹಿಮೆಯನ್ನು ಹೇಳುತ್ತಿದ್ದೆವು. ಮನೆಯವರು ಕೇಳುತ್ತ ಕುಳಿತವರು ಮೆಲ್ಲಗೆ, "ಕೂಡಿದ ಮ್ಯಾಲ ಒಂದರ ಹೆಸರು ಹೋತು ನೋಡ್ರಿ. ಇಲ್ಲಿಂದ ಮುಂದ ಮಲಪ್ರಭಾ ಅನ್ನಾವರು ಯಾರೂ ಇಲ್ಲ" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಯಾರನ್ನೂ ದೂರಲಿಲ್ಲ. ದೂರುವ ಸ್ವಭಾವವೂ ಅವರದಲ್ಲ. ಆದರೆ ಹಿಂದಿರುಗುವ ರಾತ್ರಿ ಬಸ್ಸಿನಲ್ಲಿ ನಮಗೆ ನಿದ್ದೆ ಬರಲಿಲ್ಲ. ನಾವಿಬ್ಬರೂ ಕೂಡಲೆಂದು ಅವರು ಬಿಟ್ಟದ್ದೇನು, ನಾವು ಬಿಟ್ಟದ್ದೇನು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. ಅವರು 13 ವರ್ಷಗಳ ಸೇವಾ ಜ್ಯೇಷ್ಠತೆಯನ್ನು ಬಿಟ್ಟರು. 'ಅಕ್ಕೋರು' ಎಂದು ಊರೆಲ್ಲ ಕೂಗುವ ಹೆಸರನ್ನು ಬಿಟ್ಟರು. ತಾಯಿಯಂತಾಗಿದ್ದ ಅತ್ತೆಯನ್ನು, ತಾವೇ ಬದು ಕಟ್ಟಿಸಿದ ಹೊಲವನ್ನು, ಕೊನೆಗೆ ತಮ್ಮ ಮಾತಿನ ಧಾಟಿಯನ್ನೂ ಬಿಟ್ಟರು. ನಾವಾದರೋ ಬಿಟ್ಟದ್ದು ಒಂದು ಮಂಚದ ಜಾಗ, ಬೆಳಗಿನ ಅರ್ಧ ತಾಸಿನ ಮೌನ. ಅಷ್ಟನ್ನು ಬಿಡುವುದಕ್ಕೇ ನಾವು ಆರು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದೆವು.

ತುಮಕೂರಿಗೆ ಬಂದ ಮೇಲೆ ಮಾಡಿದ ಬದಲಾವಣೆಗಳು ದೊಡ್ಡವೇನಲ್ಲ. ತಪ್ಪಾಯಿತೆಂದು ಒಂದು ಮಾತು ಹೇಳಿದೆವು. "ಆಗಲಿ ಬಿಡ್ರಿ" ಎಂದು ಅವರು ಅದನ್ನು ಅಲ್ಲಿಗೇ ಮುಗಿಸಿದರು. ಬೆಳಗಿನ ಪೂಜೆಗೆ ಮೂವರೂ ಒಟ್ಟಿಗೆ ಕೂರುತ್ತೇವೆ. ಹಾಲು ಉಕ್ಕಿದರೆ ಏಳುವ ಸರದಿ ನಮ್ಮದೂ ಹೌದು. ತಾಯಿಯವರ ಮಾತ್ರೆಗಳ ಲೆಕ್ಕ, ಹೊಲದ ಲೆಕ್ಕ ಈಗ ನಮ್ಮ ಹೊಣೆ. ರಾತ್ರಿ ಒಂಬತ್ತರ ಫೋನು ಅಡಿಗೆಮನೆಯಿಂದ ಪಡಸಾಲೆಗೆ ಬಂದಿದೆ. ಮೂವರೂ ಸುತ್ತ ಕುಳಿತು ಮಾತನಾಡುತ್ತೇವೆ. ಮನೆಯಲ್ಲಿ ನಾವೂ 'ಹೋಗಾಕ', 'ಬರಾಕ' ಎನ್ನತೊಡಗಿದ್ದೇವೆ. ಇಷ್ಟು ವರ್ಷದಲ್ಲಿ ನಾಲಗೆ ಸ್ವಲ್ಪ ತಿರುಗಿಕೊಂಡಿದೆ. ಮಗಳು ಆಗಾಗ ತಿದ್ದುತ್ತಾಳೆ, ತಿದ್ದಿಸಿಕೊಳ್ಳುತ್ತೇವೆ.

ಇಷ್ಟರಿಂದ ಎಲ್ಲವೂ ನೇರ್ಪಟ್ಟಿತೆಂದು ಹೇಳಲಾರೆವು. ನಾವು ಕೂಡಿದ್ದರಿಂದ ತಾಯಿಯವರು ಒಂಟಿಯಾದರೆಂಬ ಸತ್ಯ ಹಾಗೆಯೇ ಉಳಿದಿದೆ. ಹೊರಡುವ ದಿನ ಅವರು, "ರಾಶಿ ಮುಗೀಲಿ, ಬ್ಯಾಸಗಿಗಿ ಎರಡ ತಿಂಗಳ ಬರ್ತೀನಿ. ಕರಿಯಾಕ ನೀ ಬರಬ್ಯಾಡ ತಮ್ಮಾ, ಆಕೀನ ಕಳಸು" ಎಂದಿದ್ದರು. ಹಾಗೆಯೇ ಸೊಸೆ ಹೋಗಿ ಕರೆತಂದರು. ಎರಡು ತಿಂಗಳೆಂದವರು ಐದು ವಾರಕ್ಕೆ ಎಮ್ಮೆಯ ನೆಪ ಹೇಳಿ ಹಿಂದಿರುಗಿದರು. ಆದರೆ ಆ ಐದು ವಾರ ಅತ್ತೆ ಸೊಸೆ ಪಕ್ಕಪಕ್ಕದಲ್ಲಿ ಕುಳಿತು ಪೂಜೆ ಮಾಡುವುದನ್ನು ನಾವು ನಮ್ಮ ಮನೆಯಲ್ಲೇ ಕಂಡೆವು. ಅವರು ಬರುವ ಬೇಸಗೆಗೂ ನಾವು ಹೋಗುವ ಎಳ್ಳ ಅಮಾವಾಸ್ಯೆಗೂ ನಡುವೆ ಈಗ ನಮ್ಮ ವರ್ಷ ಹಂಚಿಕೊಂಡಿದೆ.

ನೌಕರಿಯ ದೆಸೆಯಿಂದ ಅಗಲಿ ಇದ್ದು, ಈಗ ಕೂಡಿ ಬಾಳಲು ಹೊರಟಿರುವ ದಂಪತಿಗಳು ಈ ಪತ್ರಿಕೆಯ ಓದುಗರಲ್ಲೂ ಇರಬಹುದು. ಅವರಲ್ಲಿ ನಮ್ಮ ವಿನಂತಿ ಒಂದೇ. ಮನೆಯ ಸಾಮಾನಿನ ಪಟ್ಟಿ ಮಾಡುವಾಗ, ಕೂಡುವುದಕ್ಕಾಗಿ ಯಾರು ಏನನ್ನು ಬಿಟ್ಟು ಬಂದರೆಂಬ ಪಟ್ಟಿಯನ್ನೂ ಮಾಡಿಕೊಳ್ಳಿರಿ. ಕಡಿಮೆ ಬಿಟ್ಟವರು ಅದನ್ನು ಮೊದಲು ಓದಿರಿ. ನಾವು ಆರು ತಿಂಗಳು ತಡವಾಗಿ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಮಡದಿಯ ಹಿಂದೆ ನಡೆಯುತ್ತ ಓದಿದೆವು. ಮುಂದಿನ ಎಳ್ಳ ಅಮಾವಾಸ್ಯೆಗೂ ಆ ತಂಬಿಗೆ ನಮ್ಮದೇ ಎಂದು ತಾಯಿಯವರು ಹೇಳಿ ಕಳಿಸಿದ್ದಾರೆ.